ಪರದೆಯಾಚೆಯ ಜೋಗುಳ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಪ್ರಮಾಣವಿಲ್ಲದ ಮಾತನ್ನು ಒಪ್ಪಬಾರದು ಎಂಬುದು ಅಲ್ಲಿಂದ ತಂದ ಪಾಠ. ಮುನ್ಸೂಚನೆ, ಪವಾಡ ಎಂದವರೊಡನೆ ಸೌಜನ್ಯದಿಂದಲೇ, ಆದರೆ ಬಿಡದೆ ವಾದಿಸಿದ್ದೇನೆ. ಓದುಗರೇ, ಈಗ ಹೇಳಹೊರಟಿರುವುದಕ್ಕೆ ನನ್ನ ಬಳಿ ಪ್ರಮಾಣವಿಲ್ಲ. ಕೇಳಿದವರು ಇಬ್ಬರಿದ್ದೇವೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯೆಯಾಗಿ ನಾನೊಂದು ಅಧ್ಯಯನದಲ್ಲಿದ್ದೆ. ಗರ್ಭಿಣಿ ಬಹುಕಾಲ ಅಫೀಮಿನ ಬಗೆಯ ನೋವಿನ ಮಾತ್ರೆ ಸೇವಿಸಿದ್ದರೆ, ಹುಟ್ಟಿದ ಮಗುವಿಗೆ ಆ ಔಷಧ ಒಮ್ಮೆಲೇ ತಪ್ಪಿಹೋಗುತ್ತದೆ. ಮಗು ನಡುಗುತ್ತದೆ, ಹಾಲು ಕುಡಿಯದೆ ಕಿರುಚುತ್ತದೆ. ಆಗ ಅದೇ ಬಗೆಯ ಮಾರ್ಫಿನ್ ಹನಿ ಕೊಟ್ಟು, ಅದನ್ನು ಕ್ರಮೇಣ ಇಳಿಸುವುದು ರೂಢಿ. ನಿಶ್ಶಬ್ದ ಕೋಣೆ, ತಾಯಿಯ ಮೈಬಿಸಿ ಇವೇ ಸಿಕ್ಕರೆ ಆ ಹನಿ ಬೇಡವಾದೀತೇ ಎಂಬುದು ನಮ್ಮ ಪ್ರಶ್ನೆ. ಇಂಥ ತಾಯಂದಿರನ್ನು ಅಪರಾಧಿಗಳಂತೆ ಕಾಣುವುದು ನಿಲ್ಲಬೇಕೆಂಬುದು ನನ್ನ ಹಠ.

ಕಾಟಿಪಳ್ಳದ ಸುಜಾತ, ಬೆನ್ನುನೋವಿಗೆಂದು ಆರಂಭಿಸಿದ ಮಾತ್ರೆಯನ್ನು ಬಿಡಲಾಗದೆ ಹೋದವಳು. ಹೆರಿಗೆಯ ನಂತರ ಜ್ವರ ಬಂದು ಅವಳನ್ನು ರಸ್ತೆಯಾಚೆಯ ಕಟ್ಟಡದಲ್ಲಿ ಇರಿಸಿದ್ದರು. ಇತ್ತ ಅವಳ ಹೆಣ್ಣುಮಗು ಬೆಳಗಿನಿಂದ ಕಿರುಚುತ್ತಿತ್ತು. ಮಧ್ಯಾಹ್ನದ ಪರೀಕ್ಷೆಯಲ್ಲೂ ಅಳು, ನಡುಕ ಇಳಿಯದಿದ್ದರೆ ಮಾರ್ಫಿನ್ ಆರಂಭಿಸಲೇಬೇಕಿತ್ತು. ಅದು ಆ ಪುಟ್ಟ ಉಸಿರನ್ನು ಎಲ್ಲಿ ಕುಗ್ಗಿಸುವುದೋ ಎಂಬ ಅಳುಕು ನನಗೆ.

ಪರೀಕ್ಷೆಗೊಂದು ನಿಯಮವಿತ್ತು. ತೊಟ್ಟಿಲಿನ ಎರಡೂ ಬದಿಯಲ್ಲಿ ಇಬ್ಬರು ನಿಂತು ಮಗುವನ್ನು ಗಮನಿಸಿ, ಬೇರೆಬೇರೆಯಾಗಿ ಅಂಕ ಹಾಕಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತೆ ನಡುವೆ ಪರದೆ. ಮಾತು, ಸದ್ದು ನಿಷಿದ್ಧ. ಆಚೆ ಬೋಳಾರದ ಸಿಸ್ಟರ್ ಪ್ರಮೀಳಾ, ಈಚೆ ನಾನು. ಬಾಗಿಲು ಮುಚ್ಚಿತ್ತು.

ಅಳುವಿನ ನಡುವೆ ಮಗು ಉಸಿರೆಳೆದುಕೊಂಡಾಗ ಪರದೆಯಾಚೆಯಿಂದ ಗುನುಗು ಕೇಳಿತು. ಪದವಿಲ್ಲದ ಜೋಗುಳ, ಮೆಲ್ಲನೆ ಏರಿ, ಒಂದೆಡೆ ತಟ್ಟನೆ ನಿಂತು, ಮತ್ತೆ ಮೊದಲಿನಿಂದ. ನಿಯಮ ಮುರಿದ ಪ್ರಮೀಳಾರ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ಮಗುವಿನ ಮುಷ್ಟಿ ಸಡಿಲಿತು, ನಡುಕ ಇಳಿಯಿತು. ಅದು ನಿದ್ರಿಸಿತು.

ಪರದೆ ಸರಿಸಿದೊಡನೆ ಅವರೇ ರೇಗಿದರು: “ಎಂತ ಡಾಕ್ಟ್ರೇ, ರೂಲ್ಸು ನಮಗೆ ಮಾತ್ರವಾ? ನೀವು ಹಾಡಬಹುದಾ?”

“ನಾನಾ? ಹಾಡಿದ್ದು ನೀವಲ್ವಾ!”

“ನಾನು ಹಾಡಿದರೆ ಮಲಗಿದ ಮಗುವೂ ಏಳ್ತದೆ ಮಾರಾಯ್ರೆ!”

ನಕ್ಕೆವು. ಆಮೇಲೆ ಬಾಗಿಲು ತೆರೆದು ನೋಡಿದೆವು. ಹೊರಗೆ ಯಾರೂ ಇರಲಿಲ್ಲ.

ಮಾರ್ಫಿನ್ ಬೇಕಾಗಲಿಲ್ಲ. ಜ್ವರ ಬಿಟ್ಟ ಮೇಲೆ ಸುಜಾತಳನ್ನು ಕರೆತಂದರು. ಮಗುವನ್ನು ಮುಟ್ಟಲೂ ಅವಳಿಗೆ ಹೆದರಿಕೆ. “ನನ್ನಿಂದಲೇ ಆದದ್ದಲ್ವಾ ಮೇಡಂ?” ಎಂದಳು. ನಾನು ಮಗುವನ್ನು ಅವಳ ಎದೆಗೊರಗಿಸಿದೆ. ತುಸು ಹೊತ್ತಿನಲ್ಲಿ ಅವಳು ಗುನುಗತೊಡಗಿದಳು. ರಾಗ ಏರಿತು, ಅದೇ ಎಡೆಯಲ್ಲಿ ನಿಂತಿತು. ಪ್ರಮೀಳಾ ನನ್ನ ಕೈ ಹಿಡಿದುಕೊಂಡರು.

“ಮುಂದೆ?” ಎಂದೆ.

“ಗೊತ್ತಿಲ್ಲ ಮೇಡಂ. ಅಮ್ಮ ಹಾಡ್ತಿದ್ದದ್ದು ಇಷ್ಟೇ. ಮುಂದಿನದ್ದು ಅವರಿಗೂ ಮರೆತುಹೋಗಿತ್ತು.”

ಆ ಮಧ್ಯಾಹ್ನದ ಪರೀಕ್ಷೆಯನ್ನು ಅಧ್ಯಯನದಿಂದ ಕೈಬಿಡಬೇಕಾಯಿತು, ಕೋಣೆ ನಿಶ್ಶಬ್ದವಾಗಿರಲಿಲ್ಲವಲ್ಲ. ಹಾಡಿದ್ದು ಯಾರೆಂದು ಮೇಲಿನವರು ಕೇಳಿದಾಗ ಪ್ರಮೀಳಾ ನನ್ನತ್ತ ನೋಡಿದರು, ನಾನು ಅವರತ್ತ. ನನ್ನ ವಾದ ಇಂದಿಗೂ ಅಲ್ಲಿಂದ ಮುಂದಕ್ಕೆ ಹೋಗಿಲ್ಲ. ಆದರೆ ಆ ಮಗು ಮುಷ್ಟಿ ಬಿಚ್ಚಿ ಮಲಗಿದ್ದು ನೆನಪಾದಾಗಲೆಲ್ಲ, ಸೋತೆನೆಂದು ನನಗೆ ಅನ್ನಿಸುವುದಿಲ್ಲ.