ಕಮಾನಿನ ಕೆಳಗೆ ಹೆರಿಗೆಯಾಗುವುದಿಲ್ಲ

೧೯೪೪ರಲ್ಲಿ ನಾನು ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಹೋಬಳಿಯ ಒಂದು ಹಳ್ಳಿಯಲ್ಲಿ ಸರ್ಕಾರಿ ಮಿಡ್‌ವೈಫ್ ಆಗಿದ್ದೆ. ಜನ ನರ್ಸಮ್ಮ ಎನ್ನುತ್ತಿದ್ದರು. ಲಕ್ಷ್ಮಮ್ಮ ಎಂಬ ನನ್ನ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಇತ್ತು. ಹಳ್ಳಿಯಲ್ಲಿ ಡಿಸ್ಪೆನ್ಸರಿ ಎಂದರೆ ಔಷಧಿ ಕೊಡುವ ಒಂದು ಕೊಠಡಿ, ಅಷ್ಟೆ. ಹೆರಿಗೆಗೆ ಜಾಗವಿರಲಿಲ್ಲ. ನಾನೇ ಚೀಲ ಹೊತ್ತುಕೊಂಡು ಮನೆ ಮನೆಗೆ ಹೋಗಬೇಕಿತ್ತು. ನನ್ನ ವಾಸಕ್ಕೆಂದು ಸರ್ಕಾರ ಬಾಡಿಗೆಗೆ ಹಿಡಿದಿದ್ದ ಮನೆ ಊರಿನ ಪಟೇಲರಾದ ತಿಮ್ಮೇಗೌಡರದು. ಈ ಮನೆಯ ಸಂಗತಿಯನ್ನು ಓದುವವರು ಮರೆಯಬಾರದು.

ಆ ಸೀಮೆಯಲ್ಲಿ ಹೆರಿಗೆಯಾದ ಮೇಲೆ ಹತ್ತು ದಿನ ಪುರುಡು. ಅಂದರೆ ಹೆತ್ತವಳನ್ನೂ, ಮಗುವನ್ನೂ, ಅವರಿರುವ ಕೋಣೆಯನ್ನೂ ಯಾರೂ ಮುಟ್ಟುವಂತಿಲ್ಲ. ಮುಟ್ಟಿದವರು ತಲೆಗೆ ನೀರು ಹಾಕಿಕೊಂಡೇ ದೇವರ ಹತ್ತಿರ ಹೋಗಬೇಕು. ಬಡವರ ಮನೆಗಳಲ್ಲಿ ಇರುವುದೇ ಒಂದು ಕೋಣೆಯಾದ್ದರಿಂದ ಈ ನಿಯಮ ಅಷ್ಟಿಷ್ಟು ಸಡಿಲವಾಗುತ್ತಿತ್ತು. ದೊಡ್ಡ ಮನೆಗಳಲ್ಲಿ ಹಾಗಿಲ್ಲ. ಮನೆ ದೊಡ್ಡದಾದಷ್ಟೂ ಹೆರುವವಳು ಹೊರಗೆ. ತಿಮ್ಮೇಗೌಡರ ಮನೆಯಲ್ಲಿ ನಡುಮನೆಯಲ್ಲಿ ಮನೆದೇವರ ಪೆಟ್ಟಿಗೆ ಇದ್ದುದರಿಂದ ಸೊಸೆಯರು ಹೆರುವುದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿತಾಟಿನ ಮರೆ ಕಟ್ಟಿಕೊಂಡು.

ಸಗಣಿ ಇರುವಲ್ಲಿ ಹೊಕ್ಕುಳಬಳ್ಳಿ ಕತ್ತರಿಸುವುದೆಂದರೆ ಮಗುವಿಗೆ ಧನುರ್ವಾಯುವನ್ನು ಕೈಯಾರೆ ಕರೆದು ಕೊಟ್ಟಂತೆ. ಟೆಟನಸ್ ಎಂದು ಇಂಗ್ಲಿಷಿನಲ್ಲಿ ಹೇಳುವ ಈ ರೋಗದ ಬೀಜ ಸಗಣಿಯಲ್ಲೂ ಮಣ್ಣಿನಲ್ಲೂ ಇರುತ್ತದೆ. ಹಾಲು ಕುಡಿಯುತ್ತಿದ್ದ ಕೂಸು ವಾರ ತುಂಬುವುದರೊಳಗೆ ದವಡೆ ಕಚ್ಚಿ, ಬಿಲ್ಲಿನಂತೆ ಬಾಗಿ, ಸೆಟೆದು ಸಾಯುತ್ತದೆ. ಜನ ಗಾಳಿ ಸೋಕಿತು ಎನ್ನುತ್ತಿದ್ದರು. ನಾನು ಕೊಟ್ಟಿಗೆ ಎನ್ನುತ್ತಿದ್ದೆ. ನನ್ನ ಮಾತು ಯಾರಿಗೂ ಹಿಡಿಸುತ್ತಿರಲಿಲ್ಲ.

ಆ ವರ್ಷ ಗೌಡರ ಸೊಸೆ ಗೌರಮ್ಮನಿಗೆ ಚೊಚ್ಚಲ ಹೆರಿಗೆ. ತಾಯಿಯಿಲ್ಲದ ಹುಡುಗಿ, ಹಾಗಾಗಿ ತವರಿಗೆ ಕಳಿಸಿರಲಿಲ್ಲ. ನಡುಮಧ್ಯಾಹ್ನ ನನಗೆ ಕರೆ ಬಂತು. ಹೋಗಿ ನೋಡಿದರೆ ಮಗು ತಲೆಯ ಬದಲು ಕಾಲು ಮುಂದಾಗಿ ಬರುತ್ತಿದೆ. ಹೊಸಕೋಟೆಯಿಂದ ಡಾಕ್ಟರನ್ನು ಕರೆಸುವಷ್ಟು ಹೊತ್ತು ಇರಲಿಲ್ಲ. ಪಕ್ಕದಲ್ಲಿ ಒಂದು ಎಮ್ಮೆ ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿತ್ತು. ಮಗುವನ್ನು ಹೇಗೋ ತೆಗೆದೆ, ಗಂಡು, ಬೆನ್ನು ತಟ್ಟಿದ ಮೇಲೆ ಅತ್ತಿತು. ಆದರೆ ತಾಯಿಯ ಗರ್ಭಕೋಶ ಬಿಗಿದುಕೊಳ್ಳಲಿಲ್ಲ, ರಕ್ತ ಹೋಗತೊಡಗಿತು. ಇಂಥ ಹೊತ್ತಿನಲ್ಲಿ ಹೊಟ್ಟೆಯ ಮೇಲಿನಿಂದಲೇ ಗರ್ಭಕೋಶವನ್ನು ಅಂಗೈಯಲ್ಲಿ ಹಿಡಿದು ತಿಕ್ಕುತ್ತಿರಬೇಕು, ಅರ್ಗಟ್ ಎಂಬ ಔಷಧಿ ಕೊಡಬೇಕು. ಎರಡನ್ನೂ ಮಾಡಿದೆ. ಗೋಣಿತಾಟಿನ ಆಚೆ ಗೌಡರು ನಿಂತಿದ್ದರು. ಒಳಗಿನಿಂದ ಹೊರಗೆ ಹೋಗುತ್ತಿದ್ದ ಬಟ್ಟೆಗಳನ್ನು ನೋಡಿ ಅವರ ದನಿ ಉಡುಗಿತ್ತು.

“ನರ್ಸಮ್ಮ, ಮಗಾನೂ ತಾಯೀನೂ ಉಳಿಸ್ಕೊಡಿ. ಮನೆದೇವ್ರಾಣೆ, ಡಿಸ್ಪೆನ್ಸರಿ ಪಕ್ದಲ್ಲಿ ಹೆರಿಗೆಗೆ ಅಂತ ಒಂದು ಕೋಣೆ ಕಟ್ಟಿಸ್ಕೊಡ್ತೀನಿ.”

ರಕ್ತ ನಿಂತಿತು. ಗೌರಮ್ಮ ಉಳಿದಳು. ಆ ದಿನ ನನಗಾದ ಸಂತೋಷಕ್ಕೆ ಅರ್ಧ ಕಾರಣ ಆ ಹುಡುಗಿ, ಇನ್ನರ್ಧ ಆ ಕೋಣೆ. ಸುಣ್ಣ ಹೊಡೆದ ಗೋಡೆ, ತೊಳೆದರೆ ಶುದ್ಧವಾಗುವ ನೆಲ, ಒಂದು ಕಿಟಕಿ. ಇದಕ್ಕಿಂತ ಹೆಚ್ಚೇನೂ ನನಗೆ ಬೇಡವಾಗಿತ್ತು.

ಮಗುವಿಗೆ ಹೆಸರಿಟ್ಟ ಮೇಲೆ ಗೌಡರು ಒಂದು ಊಟ ಇಟ್ಟುಕೊಂಡರು. ಊರಿನಲ್ಲಲ್ಲ, ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಮಿಲಿಟರಿ ಆಫೀಸರುಗಳು ಉಣ್ಣುವ ದೊಡ್ಡ ಹೋಟೆಲಿನಲ್ಲಿ. ಯುದ್ಧಕಾಲದಲ್ಲಿ ಅವರು ಮಿಲಿಟರಿಗೆ ತರಕಾರಿ ಸರಬರಾಜು ಮಾಡಿ ಚೆನ್ನಾಗಿ ಚಿಗುರಿದ್ದರು. ಅಮಲ್ದಾರರು, ಅಂದರೆ ತಾಲ್ಲೂಕಿನ ಮುಖ್ಯಾಧಿಕಾರಿ, ಮುಖ್ಯ ಅತಿಥಿ. “ಅಲ್ಲಿ ಎಲ್ಲರ ಮುಂದೆ ಒಂದು ವಿಷ್ಯ ಹೇಳೋದೈತೆ, ನೀವು ಬರ್ಲೇಬೇಕು” ಎಂದು ಗೌಡರು ನನಗೆ ಖುದ್ದಾಗಿ ಹೇಳಿ ಹೋದರು. ಕೋಣೆಯ ವಿಷಯವೇ ಎಂದು ಕುಣಿದುಬಿಟ್ಟೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟೆ. ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸುಗಳು ಆಗಿನವು. ದಿಣ್ಣೆ ಬಂದಲ್ಲೆಲ್ಲಾ ಗಂಡಸರು ಇಳಿದು ತಳ್ಳಿದರು. ಹೊಸ ರುಮಾಲುಗಳ ಮೇಲೆಲ್ಲಾ ಮಸಿ.

ಹೋಟೆಲಿನಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದ ಮೇಜು, ಅದರ ಮೇಲೆ ಚಮಚ ಚಾಕುಗಳ ಸಾಲು. ನಾನು ಕುರ್ಚಿ ಎಳೆಯಲು ಕೈ ಹಾಕಿದೆ. ಗೌಡರ ಅಕ್ಕ ಹನುಮಕ್ಕ ತಡೆದರು. ವಿಧವೆ, ತಮ್ಮನ ಮನೆಯ ಯಜಮಾನಿಕೆ ಅವರದೇ.

“ಬ್ಯಾಸ್ರ ಮಾಡ್ಕೋಬೇಡ ಕಣಮ್ಮ. ನೀನು ದಿನಾ ಪುರುಡು ಮುಟ್ಟೋಳು. ಪಂಕ್ತೀಲಿ ಕೂತ್ರೆ ನಮಗೆ ಊಟ ಇಳಿಯಾಕಿಲ್ಲ. ನಿಂಗೆ ಅಲ್ಲಿ ಹಾಕ್ಸಿದೀನಿ.”

ಅಡುಗೆಮನೆಯ ಬಾಗಿಲ ಹತ್ತಿರ ಒಂದು ಬಟ್ಟೆಯ ತಡಿಕೆ, ಅದರ ಹಿಂದೆ ಒಂದು ಪುಟ್ಟ ಮೇಜು. ನಾನೂ ಒಕ್ಕಲಿಗರ ಮಗಳೇ, ನಮ್ಮಪ್ಪ ನೆಲಮಂಗಲದ ಕಡೆ ಆರು ಕಟ್ಟಿ ಹೊಲ ಉತ್ತವನು. ಜಾತಿಯಲ್ಲಿ ಅವರಿಗಿಂತ ಒಂದು ಕೂದಲೂ ಕಡಿಮೆಯಿಲ್ಲ. ನನ್ನ ಕೈ ಮಾಡಿದ ಕೆಲಸ ಮೈಲಿಗೆ, ಆ ಕೆಲಸದಿಂದ ಬಂದ ಮೊಮ್ಮಗ ಮಾತ್ರ ಬಂಗಾರ. ಆದರೂ ಕೋಣೆಯ ಮಾತು ಬರಲಿ ಎಂದು ಹಲ್ಲು ಕಚ್ಚಿಕೊಂಡು ತಡಿಕೆಯ ಹಿಂದೆ ಕೂತೆ.

ತಡಿಕೆಯ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಮೊದಲು ಸೂಪ್ ಬಂತು. ನಮ್ಮವರು ಅದನ್ನು ಸಾರು ಎಂದುಕೊಂಡು ಅನ್ನವೋ ಮುದ್ದೆಯೋ ಬರಲಿ ಎಂದು ಕೈಕಟ್ಟಿ ಕಾದು ಕೂತರು. ಅಮಲ್ದಾರರೊಬ್ಬರೇ ಚಮಚದಲ್ಲಿ ಕುಡಿದರು. ಯಾರೂ ಮುಟ್ಟದಿದ್ದುದನ್ನು ಕಂಡು ಬಡಿಸುವ ಬಟ್ಲರುಗಳು ಬೇಡವೇನೋ ಎಂದು ಬಟ್ಟಲುಗಳನ್ನು ಎತ್ತಿಕೊಂಡು ಹೋದರು. ಆಮೇಲೆ ಬೆರಳುದ್ದದ ಒಂದು ಕಟ್ಲೆಟ್, ಬೇಯಿಸಿದ ಬಟಾಣಿ, ಎರಡು ತುಂಡು ಬ್ರೆಡ್ಡು. ಯುದ್ಧಕಾಲದ ರೇಷನ್ ಕಟ್ಟುಪಾಡಿನಿಂದಾಗಿ ಆ ಹೊತ್ತು ಅನ್ನವಿಲ್ಲ ಎಂದು ತಿಳಿದಾಗ ಬೀಗರ ಕಡೆಯ ಮುದುಕರೊಬ್ಬರು, “ಬಾಡೂಟ ಅಂದ್ಕೊಂಡು ಬೆಳಗ್ಗೆಯಿಂದ ಹೊಟ್ಟೆ ಖಾಲಿ ಇಟ್ಕೊಂಡ್ ಬಂದ್ನಲ್ಲೋ ತಿಮ್ಮಣ್ಣ” ಎಂದರು. ಕೊನೆಗೆ ಕೆಂಪು ಜೆಲ್ಲಿ ಬಂತು. ಅದೇ ಮುದುಕರು ತಟ್ಟೆಯನ್ನು ದೂರ ತಳ್ಳಿ, “ಇದು ಇನ್ನೂ ಅಲ್ಲಾಡ್ತೈತೆ, ನಾ ಒಲ್ಲೆ” ಎಂದರು.

ನಾನು ತರಬೇತಿ ಪಡೆದದ್ದು ದಂಡಿನ ಆಸ್ಪತ್ರೆಯಲ್ಲಿ, ಆಂಗ್ಲೋ ಇಂಡಿಯನ್ ನರ್ಸುಗಳ ಜತೆ. ಸೂಪ್ ಹೇಗೆ ಕುಡಿಯುವುದು ಎಂದು ನನಗೆ ಗೊತ್ತಿತ್ತು. ಪಂಕ್ತಿಯಲ್ಲಿ ಕೂರಿಸಿದ್ದರೆ ಹೇಳಿಕೊಡುತ್ತಿದ್ದೆ. ಕೂರಿಸಲಿಲ್ಲ, ಹಸಿದುಕೊಂಡಿರಲಿ ಎಂದುಕೊಂಡೆ. ನನ್ನ ತಟ್ಟೆಯನ್ನೂ ನಾನು ಮುಟ್ಟಲಿಲ್ಲ.

ಜೆಲ್ಲಿ ಇನ್ನೂ ಮೇಜಿನ ಮೇಲಿರುವಾಗಲೇ ಗೌಡರು ಎದ್ದು ನಿಂತು ಮಾತಾಡಿದರು. ಮೊಮ್ಮಗನ ಹೆಸರಿನಲ್ಲಿ ಊರಿನ ಪ್ರವೇಶದಲ್ಲಿ ಒಂದು ಕಲ್ಲಿನ ಕಮಾನು ಕಟ್ಟಿಸುವುದಾಗಿ ಸಾರಿದರು. ಅಮಲ್ದಾರರು ಕೈ ತಟ್ಟಿದರು, ಉಳಿದವರೂ ತಟ್ಟಿದರು. ಅಮಲ್ದಾರರಿಗೆ ಶಂಕುಸ್ಥಾಪನೆಯ ಆಹ್ವಾನವೂ ಅಲ್ಲೇ ಆಯಿತು. “ನಮ್ಮ ನರ್ಸಮ್ಮನಿಗೂ ಒಂದು ರೇಷ್ಮೆ ಸೀರೆ” ಎಂದು ಕೊನೆಯಲ್ಲಿ ಸೇರಿಸಿದರು. ಬಟ್ಲರನೊಬ್ಬ ಸೀರೆಯ ಪೊಟ್ಟಣ ತಂದು ತಡಿಕೆಯ ಹಿಂದೆ ನನ್ನ ಮೇಜಿನ ಮೇಲಿಟ್ಟ. ಕೋಣೆಯ ಸೊಲ್ಲೇ ಇಲ್ಲ.

ನಾನು ಪೊಟ್ಟಣ ಹಿಡಿದುಕೊಂಡು ತಡಿಕೆಯಿಂದ ಆಚೆ ಬಂದೆ. ನೇರವಾಗಿ ಆ ಉದ್ದ ಮೇಜಿನ ಹತ್ತಿರ ಹೋದೆ. ಹನುಮಕ್ಕ ಸೆರಗು ಒಳಗೆಳೆದುಕೊಂಡರು.

“ಗೌಡ್ರೇ, ಕಮಾನಿನ ಕೆಳಗೆ ಹೆರೋಕೆ ಆಗಲ್ಲ. ನೀವು ಕೋಣೆ ಕಟ್ಟಿಸ್ತೀನಿ ಅಂದಿದ್ರಿ.”

ಗೌಡರು ನಗಲು ನೋಡಿದರು. “ಅದ್ಯಾವ್ದೋ ಖುಷೀಲಿ ಆಡಿದ ಮಾತು, ನರ್ಸಮ್ಮ.”

“ಖುಷೀಲಿ ಅಲ್ಲ, ಹೆದರಿಕೇಲಿ. ಸೊಸೆಗೆ ರಕ್ತ ಹೋಗ್ತಿತ್ತು ಆಗ. ಎಮ್ಮೆ ಪಕ್ಕದಲ್ಲಿ ಹುಟ್ಟಿದ ಮೊಮ್ಮಗನ ಹೆಸರಲ್ಲಿ ಇಲ್ಲಿ ಊಟ ಮಾಡ್ತಿದೀರಿ.”

ಅಮಲ್ದಾರರು ಕೈ ಎತ್ತಿದರು. “ಕೂತ್ಕೊಳ್ಳಿ ತಾಯಿ. ಕ್ರಮವಾಗಿ ಒಂದು ಅರ್ಜಿ ಕೊಡಿ, ನೋಡೋಣ.”

“ಹೆರಿಗೆ ನೋವು ಅರ್ಜಿ ನೋಡ್ಕೊಂಡು ಬರಲ್ಲ, ಸ್ವಾಮಿ. ಕೂರೋಕೆ ಇಲ್ಲಿ ನಂಗೆ ಕುರ್ಚೀನೂ ಇಲ್ಲ.”

ಸೀರೆಯನ್ನು ಹನುಮಕ್ಕನ ಮುಂದೆ ಇಟ್ಟು ಹೊರಟುಬಂದೆ. ದಂಡಿನ ಆಸ್ಪತ್ರೆಯ ಹಾಸ್ಟೆಲಿನಲ್ಲಿ ನನ್ನ ಗೆಳತಿಯೊಬ್ಬಳು ಇದ್ದಳು. ಅವಳು ಕೊಟ್ಟ ರಾಗಿರೊಟ್ಟಿ ಹುಚ್ಚೆಳ್ಳು ಚಟ್ನಿ ತಿಂದು ಮಲಗಿದೆ. ಚೆನ್ನಾಗಿಯೇ ನಿದ್ದೆ ಬಂತು.

ಊರಿಗೆ ಮರಳಿದವಳೇ ನನ್ನ ಮನೆಯ ಮುಂಗೋಣೆಯನ್ನು ಖಾಲಿ ಮಾಡಿದೆ. ಪೆಟ್ಟಿಗೆ, ಒಲೆ, ಹಾಸಿಗೆ ಎಲ್ಲವನ್ನೂ ಹಿಂದಕ್ಕೆ ಸಾಗಿಸಿ ಗೋಡೆಗೆ ಸುಣ್ಣ ಹೊಡೆದೆ. ಇನ್ನು ಮುಂದೆ ಹೆರುವವರು ಇಲ್ಲಿಗೇ ಬರಬಹುದು ಎಂದು ಸಂತೆಯಲ್ಲಿ ಹೆಂಗಸರಿಗೆಲ್ಲಾ ಹೇಳಿದೆ. ಗಾಡಿ ಹೊಡೆಯುವ ಮುನಿಯಪ್ಪನ ಹೆಂಡತಿ ಪಾಪಮ್ಮ ಮೊದಲು ಬಂದಳು. ಗೌಡರ ಮನೆಯಿಂದ ಗೌರಮ್ಮ ಯಾರಿಗೂ ಹೇಳದೆ ಒಂದು ಹಳೆಯ ಮಂಚ ಕಳಿಸಿಕೊಟ್ಟಳು.

ಪಾಪಮ್ಮ ಹೆತ್ತ ಮಾರನೆಯ ದಿನ ಊರ ತಳವಾರ ಬಂದ. ಪಟೇಲರ ಅಪ್ಪಣೆ: ಮನೆಯಲ್ಲಿ ಆಲೂಗಡ್ಡೆ ತುಂಬಬೇಕಂತೆ, ನಾನು ಖಾಲಿ ಮಾಡಬೇಕಂತೆ, ಮಾಡದಿದ್ದರೆ ಸಾಮಾನನ್ನು ಬೀದಿಗೆ ಇಡುವುದಂತೆ. ಊಟದ ಮೇಜಿನ ಸಿಟ್ಟು ಆಲೂಗಡ್ಡೆಯ ವೇಷದಲ್ಲಿ ಬಂದಿತ್ತು. ನನಗೆ ನಿಜಕ್ಕೂ ದಿಗಿಲಾಯಿತು. ಆ ಹಳ್ಳಿಯಲ್ಲಿ ನನಗೆ ಇನ್ನೊಂದು ಮನೆ ಕೊಡುವ ಎದೆ ಯಾರಿಗಿತ್ತು? ಹಸಿ ಬಾಣಂತಿಯನ್ನು ಎಲ್ಲಿ ಮಲಗಿಸಲಿ? ಒಂದು ಸಲ ಸಾಮಾನು ಹೊರಗೆ ಬಿದ್ದರೆ ಮತ್ತೆ ಎಲ್ಲರೂ ಕೊಟ್ಟಿಗೆಗೇ.

ತಳವಾರ ಹೊಸ್ತಿಲಿಗೆ ಕಾಲಿಡಲು ಬಂದವನು ಕೂಸಿನ ಅಳು ಕೇಳಿ ನಿಂತ.

“ಒಳ್ಗಡೆ ಯಾರವ್ವಾ?”

“ಪಾಪಮ್ಮ. ನೆನ್ನೆ ಹೆತ್ತವಳೆ. ಬಾಪ್ಪಾ, ಬಂದು ಮಂಚ ಎತ್ತು.”

ಅವನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. “ಬಿಡ್ತು ಅನ್ನು. ಪುರುಡಿನ ಮನೆಗೆ ನಾನ್ ಬರಾಕಿಲ್ಲ. ಸಾಯಂಕಾಲ ಮಾರಮ್ಮನ ಗುಡೀಲಿ ದೀಪ ಹಚ್ಚೋನು ನಾನು.” ಅಂಗಳದಿಂದಲೇ ತಿರುಗಿ ಹೋದ.

ನಾನು ಬಾಗಿಲಲ್ಲೇ ನಿಂತು ನಕ್ಕೆ. ನನ್ನನ್ನು ಪಂಕ್ತಿಯಲ್ಲಿ ಕೂರಲು ಬಿಡದ ಪುರುಡೇ ನನ್ನ ಮನೆಗೆ ಬೇಲಿಯಾಗಿ ಕೂತಿತ್ತು. ಅವರ ಕಟ್ಟಳೆ, ಅವರೇ ಪಾಲಿಸಲಿ. ಅಂದಿನಿಂದ ನನ್ನ ಲೆಕ್ಕಾಚಾರವೇ ಬದಲಾಯಿತು. ಒಬ್ಬಳ ಪುರುಡು ಕಳೆಯುವ ಮೊದಲು ಇನ್ನೊಬ್ಬಳು ಮಂಚದ ಮೇಲೆ ಇರಬೇಕು. ದಿನ ತುಂಬಿದವರನ್ನು ಮೊದಲೇ ಕರೆಸಿ ಇರಿಸಿಕೊಂಡೆ. ಸಾಬರ ಬೀದಿಯ ಫಾತಿಮಾಬಿ ಬಂದಳು, ಕುರುಬರ ನಿಂಗಮ್ಮ ಬಂದಳು, ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ನಡುವೆ ಕೆಲವು ದಿನ ಯಾರೂ ಇಲ್ಲದಾಗ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಬಾಣಂತಿ ಇರುವ ಹಾಗೆ ಸಾಂಬ್ರಾಣಿ ಹೊಗೆ ಹಾಕಿದ್ದೂ ಉಂಟು. ಮೋಸ ಎನ್ನುವವರು ಎನ್ನಲಿ. ಕೊಟ್ಟಿಗೆಯಲ್ಲಿ ಸೆಟೆದು ಸತ್ತ ಕೂಸನ್ನು ಕೈಯಲ್ಲಿ ಹಿಡಿದು ನೋಡದವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ತಳವಾರ ಇನ್ನೂ ಹಲವು ಸಲ ಬಂದು ಅಂಗಳದಿಂದಲೇ ಹೋದ. ಕಡೆಗೆ ಗೌಡರೇ ಬಂದರು. ತಮ್ಮದೇ ಮನೆಯ ಮುಂದೆ, ಬಿಸಿಲಿನಲ್ಲಿ, ಹೊಸ್ತಿಲಿಗೆ ಮಾರು ದೂರ ನಿಂತರು. ಒಳಗೆ ಯಾವುದೋ ಕೂಸು ಒಂದೇ ಸಮನೆ ಚೀರುತ್ತಿತ್ತು.

“ನರ್ಸಮ್ಮ, ಈ ಪುರುಡು ಮುಗಿಯೋದು ಯಾವಾಗ?”

“ನಿಮ್ಮ ಹೋಬಳೀಲಿ ಹೆಂಗಸರು ಹೆರೋದು ನಿಲ್ಲಿಸಿದಾಗ, ಗೌಡ್ರೇ. ಬೇಕಾದ್ರೆ ಒಳಗೆ ಬಂದು ಕೇಳಿ.”

ಅವರು ಬರಲಿಲ್ಲ. ಆಲೂಗಡ್ಡೆ ಬೇರೆಲ್ಲೋ ತುಂಬಿಸಿದರು. ಕಮಾನು ಎದ್ದಿತು, ಅದರ ಕೆಳಗೆ ಹಾದೇ ಬಸುರಿಯರ ಗಾಡಿಗಳು ನಮ್ಮ ಮನೆಗೆ ಬಂದವು. ಗೌರಮ್ಮನ ಎರಡನೆಯ ಕೂಸೂ ಅಲ್ಲಿಯೇ, ಅವಳೇ ಕಳಿಸಿದ್ದ ಮಂಚದ ಮೇಲೆ ಹುಟ್ಟಿತು. ಹಟ ಮಾಡಿ ಬಂದಿದ್ದಳು. ಹೆಣ್ಣಾದ್ದರಿಂದ ಅದಕ್ಕೆ ಯಾರೂ ಯಾವ ಹೋಟೆಲಿನಲ್ಲೂ ಊಟ ಹಾಕಿಸಲಿಲ್ಲ.

ನನಗೆ ಅಲ್ಲಿಂದ ವರ್ಗವಾದಾಗ ಹೊಸದಾಗಿ ಬಂದ ಮಿಡ್‌ವೈಫ್ ಮುಂಗೋಣೆ ನೋಡಿ, “ನಾನೆಲ್ಲಿ ಇರಲಿ?” ಎಂದು ಕೇಳಿದಳು. ಹಿಂದಿನ ಅಡುಗೆಕೋಣೆ ತೋರಿಸಿದೆ. ಮುಖ ಚಿಕ್ಕದು ಮಾಡಿಕೊಂಡರೂ ಹೋಗಿ ಪೆಟ್ಟಿಗೆ ಅಲ್ಲಿಯೇ ಇಟ್ಟಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ದೊಡ್ಡವರು ದಿಗಿಲಿನಲ್ಲಿ ಕೊಟ್ಟ ಮಾತು ಊಟದ ಹೊತ್ತಿಗೆ ಹಳಸಿರುತ್ತದೆ, ಅದನ್ನು ನಂಬಿ ಕಾಯಬಾರದು. ಕೋಣೆ ಕೊಡಿ ಎಂದು ಕೇಳುತ್ತಾ ಬಾಗಿಲಲ್ಲಿ ನಿಲ್ಲಬೇಡಿ. ಮೊದಲು ಬಾಣಂತಿಯನ್ನು ಒಳಗೆ ಮಲಗಿಸಿ. ಹಸಿ ಬಾಣಂತಿಯನ್ನು ಎಬ್ಬಿಸಿ ಬೀದಿಗೆ ಕಳಿಸುವ ಪಟೇಲ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನ ತಾಯಿಯನ್ನು ಹೆರಿಸುವುದು ನಮ್ಮಂಥವರ ಕೈಗಳೇ.