ಕಾಕುವಿನ ಪಾಯಾ, ನನ್ನ ಹೆಬ್ಬೆರಳು

ಹೋದ ಭಾನುವಾರ ಪೇಟೆಯಿಂದ ಬರುವಾಗ ಯಾರದೋ ಕಿಟಕಿಯಿಂದ ವಾಸನೆಯೊಂದು ತೇಲಿಬಂತು. ಸುಟ್ಟ ಉಳ್ಳಾಗಡ್ಡಿ, ಕುಟ್ಟಿದ ಮೆಣಸು, ಬೆಳ್ಳುಳ್ಳಿ, ಅದರಡಿಯಲ್ಲಿ ಮಟನ್ ಕುದಿಯುವ ಭಾರವಾದ ಘಮ. ಬಾಯಲ್ಲಿ ನೀರೂರಿತು; ಎಡಗಾಲಿನ ಹೆಬ್ಬೆರಳು ಮಾತ್ರ ಚಪ್ಪಲಿಯೊಳಗೆ ಹೆದರಿ ಮುದುಡಿಕೊಂಡಿತು. ನಿಂತಲ್ಲೇ ಬಾಜೂ ಮನೆಯ ಕಾಕು ನೆನಪಾದರು…

ನಾನಾಗ ಸಿಂದಗಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್. ಈಗಲೂ ಇರುವ ಇದೇ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಕಾಕು ಆಲಮೇಲದ ಕಡೆಯ ಒಕ್ಕಲುತನದ ಮನೆಯವರು, ನನಗಿಂತ ಸಾಕಷ್ಟು ದೊಡ್ಡವರು. ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಅವರಿಗೆ ನಾನು ಅಕ್ಕೋರು, ನಮ್ಮ ಕಡೆ ಟೀಚರನ್ನು ಕರೆಯುವುದೇ ಹಾಗೆ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನನ್ನ ಹೆಬ್ಬೆರಳು ಕೆಂಪಗೆ ಉಬ್ಬಿತು. ಹೊದಿಕೆ ತಗುಲಿದರೂ ಜೀವ ಹೋಗುವಂಥ ನೋವು. ವಾರ ಕಾಡಿ ಇಳಿಯಿತು. ಕೆಲವು ತಿಂಗಳ ಮೇಲೆ ಪಾದದ ಕೀಲಿಗೆ ಬಂತು, ಆಮೇಲೆ ಮೊಣಕಾಲಿಗೆ. ವರ್ಷಗಟ್ಟಲೆ ಇದೇ ಆಟ. ಒಬ್ಬ ಡಾಕ್ಟರು ಸ್ಪ್ರೇನ್ ಎಂದರು, ಇನ್ನೊಬ್ಬರು ಏಜ್ ಎಂದರು, ಮತ್ತೊಬ್ಬರು ಎಲ್ಲವನ್ನೂ ನನ್ನ ಹೀಲ್ಸ್ ಚಪ್ಪಲಿಯ ಮೇಲೆ ಹಾಕಿದರು. ಎಕ್ಸ್‌ರೇ ಪಾಪ, ಏನೂ ಹೇಳಲಿಲ್ಲ.

ಕಾಕುವಿಗೆ ಮಾತ್ರ ಸಂಶಯವೇ ಇರಲಿಲ್ಲ. ಕಾಲಿನ ನೋವಿಗೆ ಆಡಿನ ಕಾಲೇ ಮದ್ದು. ನಾನು ಕುಂಟಿದ ಸುದ್ದಿ ಗೋಡೆ ದಾಟುವಷ್ಟರಲ್ಲಿ ಅವರ ಒಲೆಯ ಮೇಲೆ ಪಾಯಾ ಸೂಪು ಕುದಿಯುತ್ತಿತ್ತು, ಸಂಜೆಗೆ ಸ್ಟೀಲ್ ಡಬ್ಬಿ ನನ್ನ ಟೇಬಲ್ ಮೇಲೆ. ಕೊಟ್ಟದ್ದನ್ನು ಬಿಡುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರಲ್ಲ, ನಾನು ತಳದ ಮೂಳೆಯನ್ನೂ ಚೀಪಿ ಡಬ್ಬಿ ವಾಪಸ್ ಕೊಡುತ್ತಿದ್ದೆ. ವಾರದೊಳಗೆ ನೋವು ಇಳಿದೇ ಇಳಿಯುತ್ತಿತ್ತು. ಅಕ್ಕೋರನ್ನು ಎಬ್ಬಿಸಿ ನಿಲ್ಲಿಸಿದ್ದು ತಾನೇ ಎಂದು ಕಾಕು ಓಣಿ ತುಂಬ ಹೇಳಿಕೊಂಡು ಬರುತ್ತಿದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲದ ಆ ಜೀವಕ್ಕೆ ಅದೊಂದು ದೊಡ್ಡ ಹೆಮ್ಮೆ…

ಕೊನೆಗೆ ಬಿಜಾಪುರದಲ್ಲಿ, ಆಗಿನ್ನೂ ನಮಗದು ಬಿಜಾಪುರವೇ, ಹೊಸದಾಗಿ ಬಂದ ಲೇಡಿ ಡಾಕ್ಟರೊಬ್ಬರು ಬ್ಲಡ್ ಟೆಸ್ಟ್ ಮಾಡಿಸಿದರು. ನನ್ನ ಜೊತೆ ಬಂದಿದ್ದವರೂ ಕಾಕುವೇ. ಯೂರಿಕ್ ಆಸಿಡ್ ಏರಿತ್ತು. ಇದು ಗೌಟ್ ಎಂದರು ಡಾಕ್ಟರು. ನನಗೆ ನಗು ತಡೆಯಲಾಗಲಿಲ್ಲ. ಇಂಗ್ಲಿಷ್ ಕಥೆಪುಸ್ತಕಗಳಲ್ಲಿ ದಪ್ಪ ಲಾರ್ಡ್‌ಗಳು ಬ್ಯಾಂಡೇಜ್ ಸುತ್ತಿದ ಕಾಲನ್ನು ಸ್ಟೂಲ್ ಮೇಲಿಟ್ಟು, ವೈನ್ ಕುಡಿಯುತ್ತ ಆಳುಗಳನ್ನು ಬೈಯುತ್ತಾರಲ್ಲ, ಆ ರೋಗ ಸಿಂದಗಿಯ ಟೀಚರಿಗೆ! ನಗುನಗುತ್ತಲೇ ಕಣ್ಣು ತುಂಬಿತು. ಇಷ್ಟು ವರ್ಷ ಜನ ನನ್ನದು ಬರೀ ನಾಟಕ ಎಂದುಕೊಂಡಿದ್ದಾರೆಂಬ ಅಳುಕು ಒಳಗೊಳಗೇ ಇತ್ತು. ಈಗ ನೋವಿಗೊಂದು ಹೆಸರು ಸಿಕ್ಕಿತ್ತು.

ಡಾಕ್ಟರು ನನ್ನ ಊಟದ ಬಗ್ಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ಸೆರಗು ಸರಿಮಾಡಿಕೊಂಡರು.

"ಅದರ ಚಿಂತಿ ಬ್ಯಾಡ್ರಿ. ಬ್ಯಾನಿ ಸುರು ಆತಂದ್ರ ನಾನ ದಿನಾ ಪಾಯಾ ಮಾಡಿ ಕುಡಸ್ತೇನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇಂಥ ಸೂಪು ಈ ರೋಗಕ್ಕೆ ಆಗಿಬರುವುದಿಲ್ಲ, ನೋವು ಬಂದು ತಾನಾಗಿಯೇ ಇಳಿಯುವುದು ಇದರ ಸ್ವಭಾವ ಎಂದು ಮೆಲ್ಲಗೆ ತಿಳಿಸಿ ಹೇಳಿದರು. ಮಾತ್ರೆ ಬರೆದುಕೊಟ್ಟು, ನೀರು ಚೆನ್ನಾಗಿ ಕುಡಿಯಿರಿ ಎಂದರು.

ಬಸ್ಸಿನಲ್ಲಿ ಕಾಕು ಕಿಟಕಿಯಾಚೆಯ ತೊಗರಿ ಹೊಲಗಳನ್ನೇ ನೋಡುತ್ತ ಕುಳಿತರು. ನಾನು ಏನೇನೋ ಜೋಕ್ ಮಾಡಿದೆ. ಊರು ಹತ್ತಿರ ಬಂದಾಗ ಒಂದೇ ಮಾತು ಅಂದರು: "ನನ್ನ ಕೈಲೆನ ನಿಮ್ಮ ಬ್ಯಾನಿ ಹೆಚ್ಚು ಮಾಡಿದ್ನೇನ್ರಿ ಅಕ್ಕೋರ?"

ಆಮೇಲೆ ಅವರು ನಮ್ಮ ಮನೆಗೆ ಬರುವುದೇ ನಿಂತಿತು. ನಾನಾಗಿಯೇ ಹೋದರೆ ಹಿತ್ತಲಲ್ಲಿ ಕೆಲಸವಿದೆ ಎಂದು ಜಾರಿಕೊಳ್ಳುತ್ತಿದ್ದರು. ಮಾತ್ರೆಯಿಂದ ಕಾಲು ಹಗುರಾಯಿತು, ಮನೆ ಮಾತ್ರ ಭಣಭಣ ಎನ್ನತೊಡಗಿತು. ಗೌಟಿನ ಜೊತೆ ಕಾಕುವೂ ಹೋಗುವುದಾದರೆ ಗೌಟೇ ಇರಲಿ ಎನಿಸಿದ್ದೂ ಉಂಟು.

ಒಂದು ಸಂಜೆ ಬಾಗಿಲಲ್ಲಿ ಕೆಮ್ಮಿದ ಸದ್ದು. ಕಾಕು ನಿಂತಿದ್ದರು, ಸೆರಗಿನಡಿ ಅದೇ ಸ್ಟೀಲ್ ಡಬ್ಬಿ. ಮತ್ತೆ ಪಾಯಾ ತಂದರೇ ಎಂದುಕೊಂಡೆ. ಬ್ಯಾನಿಯಿದ್ದವರನ್ನು ನೋಡಲು ಬರಿಗೈಯಲ್ಲಿ ಹೋಗುವುದು ನಮ್ಮ ಕಡೆ ಪದ್ಧತಿಯಲ್ಲ. ಏನು ಒಯ್ಯಬೇಕೆಂದು ತಿಳಿಯದೇ ಇಷ್ಟು ದಿನ ಅವರು ಹೊಸ್ತಿಲು ತುಳಿದಿರಲಿಲ್ಲವಂತೆ. ಮುಚ್ಚಳ ತೆಗೆದು ನೋಡಿದರೆ… ನೀರು. ಅವರ ಮನೆಯ ಮಣ್ಣಿನ ಹರವಿಯದು, ತಣ್ಣಗೆ.

"ಡಾಕ್ಟರಬಾಯಾರು ಇದನ್ನರ ಬ್ಯಾಡ ಅಂದಿಲ್ಲಲ್ರಿ," ಎಂದರು. "ಕುಡೀರಿ. ಪೂರಾ."

ನಗುವ ಭರದಲ್ಲಿ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿಕೊಂಡೆ. ಅವರು ಮತ್ತೆ ತುಂಬಿಸಿ ತಂದರು. ಅಂದಿನಿಂದ ದಿನಾ ಸಂಜೆ ಡಬ್ಬಿ ತುಂಬ ನೀರು. ಖಾಲಿಯಾಗುವತನಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು, ಥೇಟ್ ನಮ್ಮ ಬೋರ್ಡಿಂಗಿನ ಸಿಸ್ಟರ್ ಹಾಗೆ. ಅಕ್ಕೋರ ಕಾಲು ನೆಟ್ಟಗಾದದ್ದು ಕಾಕುವಿನ ಹರವಿಯ ನೀರಿನಿಂದ ಎಂದು ಓಣಿಯಲ್ಲಿ ಹೊಸ ಸುದ್ದಿ ಹಬ್ಬಿತು. ಹಬ್ಬಿಸಿದವರು ಯಾರೆಂದು ಬೇರೆ ಹೇಳಬೇಕೇ?

ಕಾಕು ಹೋಗಿ ಬಹಳ ವರ್ಷಗಳಾದವು… ಆ ಮನೆಯಲ್ಲೀಗ ಬ್ಯಾಂಕಿನಲ್ಲಿ ಕೆಲಸ ಮಾಡುವ ದಂಪತಿ ಇದ್ದಾರೆ. ಸ್ವೀಟ್ ಪೀಪಲ್, ಎದುರಾದಾಗ ಗುಡ್ ಮಾರ್ನಿಂಗ್ ಹೇಳುತ್ತಾರೆ. ಮೊನ್ನೆ ಚೆಕಪ್ಪಿನಲ್ಲಿ ಡಾಕ್ಟರು, ನೀರು ಸರಿಯಾಗಿ ಕುಡಿಯುತ್ತೀರಾ ಎಂದು ಕೇಳಿದರು. ಯೆಸ್ ಡಾಕ್ಟರ್ ಎಂದು ಸುಳ್ಳು ಹೇಳಿ ಬಂದೆ. ಗ್ಲಾಸು ತುಂಬಿಸಿಟ್ಟುಕೊಳ್ಳುವುದೇನೋ ನಿಜ. ಅರ್ಧ ಕುಡಿದು ಮರೆತುಬಿಡುತ್ತೇನೆ. ಪೂರಾ ಕುಡೀರಿ ಎನ್ನಲು ಯಾರೂ ನಿಂತಿರುವುದಿಲ್ಲ.