ಸಪ್ಪಳವಿಲ್ಲದ ವಿಮಾನ

ನನಗೆ ಮನುಷ್ಯರನ್ನು ಬಯ್ಯುವ ಧೈರ್ಯವಿಲ್ಲ. ಆಫೀಸಿನಲ್ಲಿ ಸಾಹೇಬರು ಫೈಲು ಎಸೆದರೂ ಹಲ್ಲು ಕಿರಿಯುತ್ತೇನೆ. ಆ ಸಿಟ್ಟನ್ನೆಲ್ಲ ಮನೆಗೆ ಹೊತ್ತು ತಂದು ಮಿಕ್ಸರಿನ ಮೇಲೆ, ಸ್ಕೂಟರಿನ ಮೇಲೆ, ಸೋರುವ ನಲ್ಲಿಯ ಮೇಲೆ ತೀರಿಸಿಕೊಳ್ಳುತ್ತೇನೆ. ತೊಂಬತ್ತರ ದಶಕದ ಕೊನೆಗೆ ನಮ್ಮ ಪುಣೆಯ ಎರಡು ಕೋಣೆಯ ಮನೆಗೆ ಕಂಪ್ಯೂಟರ್ ಬಂತು ನೋಡಿ, ಉಳಿದ ಯಂತ್ರಗಳೆಲ್ಲ ಬಚಾವಾದವು.

ಅದರಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಆಟ ನನಗಲ್ಲ, ಮಾವನವರಿಗೆ. ನನ್ನ ಹೆಂಡತಿ ಸುಮಿತ್ರಾಳ ತಂದೆ ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಇಂಜಿನ್ ಮೆಕ್ಯಾನಿಕ್ ಆಗಿದ್ದವರು. ಪಂಖದ ವಿಮಾನಗಳ ಸಪ್ಪಳ ಕೇಳಿಯೇ ಅವುಗಳ ರೋಗ ಹೇಳುತ್ತಿದ್ದರಂತೆ. ಅದೇ ಸಪ್ಪಳ ಅವರ ಬಲಗಿವಿಯನ್ನು ತಿಂದುಹಾಕಿತ್ತು. ಎಡಗಿವಿಯೂ ಹೊರಟಿದೆ ಎಂದು ವಿಜಾಪುರದ ಡಾಕ್ಟರು ಆ ವರ್ಷ ಹೇಳಿದ್ದರು. ನಾನು ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ: "ದಸರಾಕ್ಕ ಬರ್ರಿ ಮಾವಾರ. ನಿಮ್ಮ ಹಳೇ ಇಂಜಿನ್ ಸಪ್ಪಳ ಇನ್ನೊಮ್ಮೆ ಕೇಳಸ್ತೀನಿ."

ಖಂಡೇ ನವಮಿಯ, ಅಂದರೆ ಆಯುಧ ಪೂಜೆಯ ದಿನ ಬೆಳಿಗ್ಗೆ ಅವರು ಬಂದರು. ಸಂಜೆ ಕುರ್ಚಿಯಲ್ಲಿ ಕೂರಿಸಿ ಆಟ ಶುರು ಮಾಡಿದೆ. ಪರದೆಯ ಮೇಲೆ ಪಂಖ ಗರಗರ ತಿರುಗಿತು. ಸಪ್ಪಳ ಮಾತ್ರ ಇಲ್ಲ. ಮಾವನವರು ಎಡಗಿವಿಯನ್ನು ಮುಂದೆ ಮಾಡಿ ಕೂತರು, ಆಮೇಲೆ ಮೆಲ್ಲಗೆ ಮಗಳನ್ನು ಕೇಳಿದರು: "ನಿನಗ ಕೇಳಸ್ತದೇನವಾ?"

"ಇಲ್ಲಪ್ಪಾ, ಯಾರಿಗೂ ಕೇಳಸವಲ್ದು," ಎಂದಳು ಸುಮಿತ್ರಾ. ಅವರು ನಂಬಲಿಲ್ಲ. ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡರು. ಎದ್ದು ಹೋಗಿ ಬೀದಿ ಕಡೆಯ ಗ್ಯಾಲರಿಯಲ್ಲಿ ಕೂತುಬಿಟ್ಟರು.

ನನ್ನ ಮೈಯೆಲ್ಲ ಉರಿದುಹೋಯಿತು. ಮರುದಿನ, ದಸರೆಯ ದಿನ, ಬೆಳಗಿನಿಂದ ಆ ಪೆಟ್ಟಿಗೆಯ ಜೊತೆ ಕುಸ್ತಿ. ಸೌಂಡ್ ಕಾರ್ಡಿಗೆ ಒಂದು ನಂಬರ್ ಕೊಡಬೇಕಂತೆ, ಆ ನಂಬರನ್ನು ಪ್ರಿಂಟರ್ ಮೊದಲೇ ಹಿಡಿದುಕೊಂಡು ಕೂತಿದ್ದರೆ ಇಬ್ಬರಿಗೂ ಜಗಳವಂತೆ. ನಾದವನ್ನು ಬ್ರಹ್ಮವೆಂದು ಕಂಡವರು ನಮ್ಮ ಹಿರಿಯರು. ಆ ಬ್ರಹ್ಮ ಐದನೇ ನಂಬರಿನಲ್ಲಿದ್ದಾನೋ ಏಳರಲ್ಲೋ ಎಂದು ಒಬ್ಬ ಋಷಿಯೂ ಬರೆದಿಡಲಿಲ್ಲ. ಐದು ಕೊಟ್ಟೆ, ಏಳು ಕೊಟ್ಟೆ. ಸಿಡಿ ಹಾಕಿ ಎಲ್ಲ ಅಳಿಸಿ ಮತ್ತೆ ತುಂಬಿದೆ. ಸಿಕ್ಕ ಸಿಕ್ಕ ವಾಲ್ಯೂಮನ್ನೆಲ್ಲ ತುದಿಗೇರಿಸಿದೆ. "ಸೂಳೇಮಗನ ಡಬ್ಬಿ, ರದ್ದಿಗೆ ಹಾಕ್ತೀನಿ ನಿನ್ನ," ಎಂದು ನಾನು ಒದರಿದ್ದು ಕೆಳಗಿನ ಮನೆಯ ಮರಾಠಿ ಅಜ್ಜಿಗೂ ಅರ್ಥವಾಗಿರಬೇಕು, ಕಿಟಕಿ ಮುಚ್ಚಿಕೊಂಡರು.

ಕೊನೆಗೆ ಕಂಪ್ಯೂಟರ್ ಕೂಡಿಸಿಕೊಟ್ಟಿದ್ದ ಕ್ಯಾಂಪ್ ಪೇಟೆಯ ರಿಪೇರಿಯವನ ಮನೆಗೆ ಫೋನು ಮಾಡಿದೆ. ಸೌಂಡ್ ಕಾರ್ಡಿನ ಹಿಂದೆ ಒಂದೇ ಅಳತೆಯ, ಒಂದೇ ಕಪ್ಪು ಬಣ್ಣದ ಮೂರು ತೂತು. ಯಾವ ಪುಣ್ಯಾತ್ಮ ಮಾಡಿದನೋ. ನನಗೆ ಗೊಂದಲವಾಗದಿರಲೆಂದು ಅವನು ಸುಮಿತ್ರಾಳ ಉಗುರುಬಣ್ಣ ಈಸಿಕೊಂಡು ಸ್ಪೀಕರಿನ ತೂತಿಗೆ ಕೆಂಪು ಚುಕ್ಕೆ ಇಟ್ಟುಹೋಗಿದ್ದ.

"ಲಾಲ್ ಠಿಪ್ಕಾ ಆಹೆ ಕಾ, ಸಾಹೇಬ್?" ಎಂದು ಕೇಳಿದ. ಮೇಜಿನ ಹಿಂದೆ ತಲೆ ತೂರಿಸಿ ಬ್ಯಾಟರಿ ದೀಪ ಬಿಟ್ಟು ನೋಡಿದೆ. ತಂತಿ ಇದ್ದಲ್ಲಿ ಕೆಂಪು ಚುಕ್ಕೆ ಇತ್ತು. "ಆಹೆ, ಆಹೆ!" ಎಂದು ಚೀರಿದೆ.

"ಮಗ್ ಬರೋಬರ್ ಆಹೆ," ಎಂದು ಅವನು ಫೋನಿಟ್ಟ. ಎಲ್ಲ ಸರಿಯಾಗಿದೆಯಂತೆ. ಸರಿಯಾಗಿದ್ದರೆ ಮಾವನವರು ನಿನ್ನೆಯಿಂದ ಯಾಕೆ ಗ್ಯಾಲರಿಯಲ್ಲಿ ಕೂತು ಎಡಗಿವಿಯ ಹತ್ತಿರ ಚಿಟಿಕೆ ಹೊಡೆದು ಹೊಡೆದು ನೋಡಿಕೊಳ್ಳುತ್ತಿದ್ದರು? ಅದನ್ನು ಕಂಡಾಗಲೆಲ್ಲ ಡಬ್ಬಿಗೆ ಇನ್ನೊಂದು ಬೈಗುಳ.

ಸಂಜೆ ಸುಮಿತ್ರಾ ಬನ್ನಿ ಎಲೆಯ ತಟ್ಟೆ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಮೇಜಿನ ಹಿಂದೆ ಬಗ್ಗಿದಳು.

"ನಿನ್ನೆ ಪೂಜಾ ಮಾಡಿದವರು ಯಾರು?" ಎಂದಳು.

ನಾನೇ. ಖಂಡೇ ಪೂಜೆಯಲ್ಲಿ ನನ್ನದು ಭಾರಿ ಶಾಸ್ತ್ರ. ತಂತಿಗಳನ್ನೆಲ್ಲ ಕಿತ್ತು, ಒರೆಸಿ, ಮಾನಿಟರಿಗೆ ವಿಭೂತಿ ಬಳಿದು, ಯಾವ ದೇವರಿಗೂ ಕಡಿಮೆಯಾಗಬಾರದೆಂದು ಹಿಂದಿನ ಮೂರೂ ತೂತುಗಳ ತಲೆಗೆ ಒಂದೊಂದು ಕುಂಕುಮದ ಬೊಟ್ಟು ಇಟ್ಟಿದ್ದೆ. ಆಮೇಲೆ ಸಂಜೆ ಮೊದಲು ಕಣ್ಣಿಗೆ ಬಿದ್ದ ಕೆಂಪಿಗೆ ಸ್ಪೀಕರ್ ತುರುಕಿದ್ದೆ.

ಅವಳು ಒದ್ದೆ ಬಟ್ಟೆಯಿಂದ ಮೂರನ್ನೂ ಉಜ್ಜಿದಳು. ಎರಡು ಕೆಂಪು ಅಳಿಸಿಹೋದವು, ಒಂದು ಉಳಿಯಿತು. ತಂತಿಯನ್ನು ಅಲ್ಲಿಗೆ ಚುಚ್ಚಿದಳು.

ನಾನು ತುದಿಗೇರಿಸಿಟ್ಟಿದ್ದ ವಾಲ್ಯೂಮು ಒಮ್ಮೆಲೇ ಬಾಯಿ ಬಿಟ್ಟಿತು. ಕಿಟಕಿಯ ಗಾಜು ಗದಗದ ನಡುಗಿತು. ಮಾವನವರು ಗ್ಯಾಲರಿಯಿಂದ ಬರಿಗಾಲಲ್ಲಿ ಬಂದರು. ಡಬ್ಬಿಯ ಹತ್ತಿರ ಎಡಗಿವಿ ತಂದು, ಕಣ್ಣು ಮುಚ್ಚಿ ನಿಂತರು. ನಾನು ಸದ್ದು ತಗ್ಗಿಸಹೋದರೆ ಕೈ ಹಿಡಿದುಕೊಂಡರು.

"ಇಂಜಿನ್ ಛಲೋ ಅದ ಅಳಿಯಾರ," ಎಂದರು ಕೊನೆಗೆ. "ಕಿವಿ ಪೂರಾ ಹೋತು ಅಂತ ಭಾಳ ಅಂಜಿದ್ದೆ. ಆದ್ರ ಮುಂಜಾನಿಂದ ನೀವು ಒದರೂದು ಕೇಳಸ್ತಿತ್ತಲ್ಲ, ಅದರ ಮ್ಯಾಲೆ ಧೈರ್ಯ ಹಿಡದು ಕೂತಿದ್ದೆ."

ನನ್ನ ಸಿಟ್ಟಿನಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು. ನಾಚಿಕೆಯಾಯಿತು. ಹೆಂಡತಿಯ ಮುಖ ನೋಡಲಿಲ್ಲ.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ವಿಜಾಪುರದ ಬಸ್ಸು ಹತ್ತಿಸಿದೆ. ಬಸ್ಸು ಹೊರಡುವಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಡುನಡುವ ಫೋನ್ ಹಚ್ಚಿ ಒದರ್ರಿ," ಎಂದರು.

ಪ್ರತಿ ಭಾನುವಾರ ಒದರಿದೆ. ವರ್ಷ ಕಳೆದಂತೆ ಇನ್ನಷ್ಟು ಜೋರಾಗಿ.